ಕೆಳಗಿನ ಹಲಗೆ

ಅಟ್ಟದ ಮೇಲಿನ ಪುಸ್ತಕಗಳನ್ನೆಲ್ಲ ಕೆಳಗೆ ಇಳಿಸಬೇಕೆಂದು ಈ ಸಲದ ಬೇಸಿಗೆ ರಜೆಯ ಮೊದಲ ವಾರ ನಾನು ಹೇಳಿದಾಗ, ನಮ್ಮ ಮನೆಯವರು ಎರಡು ಪ್ರಶ್ನೆ ಕೇಳಿದರು. ಒಂದು, "ಏಣಿ ಯಾರ ಹಿಡೀಬೇಕು?" ಇನ್ನೊಂದು, "ಮತ್ತ ಹೊಳಿ ಬಂದ್ರ?" ಮೊದಲನೆಯದಕ್ಕೆ ಉತ್ತರ ಸುಲಭವಾಗಿತ್ತು. ಏಣಿಯನ್ನು ಅವರೇ ಹಿಡಿದರು. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹುಕ್ಕೇರಿಯಲ್ಲಿರುವ ಮಗಳು ತನ್ನ ಕೂಸನ್ನು ಎರಡು ತಿಂಗಳ ಮಟ್ಟಿಗೆ ಗೋಕಾಕದ ನಮ್ಮ ಮನೆಯಲ್ಲಿ ಬಿಡುವವಳಿದ್ದಳು. ಕೂಸಿಗೆ ಒಂದು ವರ್ಷ ಎಂಟು ತಿಂಗಳು. ಮೊಮ್ಮಗಳು ಬರುತ್ತಾಳೆಂದರೆ ಬೇರೆ ಅಜ್ಜಿಯರು ಉಂಡಿ ಕಟ್ಟುತ್ತಾರೆ, ಕುಂಚಗಿ ಹೊಲಿಯುತ್ತಾರೆ. ನನಗೆ ಪುಸ್ತಕದ ಚಿಂತೆ ಹತ್ತಿತು. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳ ಮನೆಯಲ್ಲಿ ಬಂಗಾರ ಕೂಡದಿದ್ದರೂ ಮಕ್ಕಳ ಪುಸ್ತಕ ಕೂಡುತ್ತವೆ. ಅಂಗೈಯಗಲದ ಭಾರತ-ಭಾರತಿ ಮಾಲೆಯ ಪುಸ್ತಕಗಳು. ಒಟ್ಟು 510 ಬಂದ ಆ ಮಾಲೆಯಲ್ಲಿ ನನ್ನ ಹತ್ತಿರ ನೂರರ ಮೇಲಿದ್ದವು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದವು, ನಮ್ಮ ಕಾರ್ಕಳದ ಅನಂತ ಪೈ ಅವರು 1967ರಲ್ಲಿ ಶುರುಮಾಡಿದ ಅಮರ ಚಿತ್ರ ಕಥೆಗಳು, ಈಚೆಗೆ ಪ್ರಥಮ್ ಬುಕ್ಸ್‌ನವರು ಅಗ್ಗದ ಬೆಲೆಗೆ ತಂದ ಬಣ್ಣದ ಪುಸ್ತಕಗಳು, ಒಂದೇ ಪುಟದಲ್ಲಿ ಎರಡು ಭಾಷೆಯಿರುವ ತೂಲಿಕಾ ಪುಸ್ತಕಗಳು. ಎಲ್ಲ ಇಳಿಸಿ ಎಣಿಸಿದಾಗ 638 ಆದವು. ಇವಲ್ಲದೆ ಐದು ದಪ್ಪ ಸಂಪುಟಗಳಿದ್ದವು. ಅವುಗಳನ್ನು ನಾನು ಲೆಕ್ಕದಲ್ಲಿ ಹಿಡಿಯಲಿಲ್ಲ. ಅವು ನಮ್ಮ ಅಪ್ಪನವು.

ಅಪ್ಪ ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತರರಾಗಿದ್ದರು. ತಿಂಗಳಿಗೊಮ್ಮೆ ಹುಕ್ಕೇರಿಗೆ ಹೋದಾಗ 'ಚಂದಮಾಮ' ತರುತ್ತಿದ್ದರು. ಕನ್ನಡದಲ್ಲಿ 1949ರಿಂದ ಬರುತ್ತಿದ್ದ ಆ ಪತ್ರಿಕೆ ನಿಂತು ಈಗ ಹತ್ತು ವರ್ಷದ ಮೇಲಾಯಿತು. ಆಗ ಅದರ ದಾರಿ ಕಾಯದ ಮಕ್ಕಳಿರಲಿಲ್ಲ. ವರ್ಷ ಮುಗಿದ ಮೇಲೆ ಅಪ್ಪ ಹನ್ನೆರಡೂ ಸಂಚಿಕೆ ಕೂಡಿಸಿ, ದಾರದಿಂದ ಹೊಲಿದು, ರಟ್ಟು ಹಚ್ಚಿ, ಮೇಲೆ ನೀಲಿ ಬಟ್ಟೆ ಅಂಟಿಸುತ್ತಿದ್ದರು. 1972ರಿಂದ 1985ರವರೆಗೆ ಹದಿನಾಲ್ಕು ಸಂಪುಟಗಳಾಗಿದ್ದವು. ಅಪ್ಪ ಹೋದ ಮೇಲೆ, "ಅಕ್ಕ ಸಾಲಿ ಟೀಚರ್ ಅದಾಳ, ಆಕೀ ಹತ್ರಾನ ಇರಲಿ" ಎಂದು ತಮ್ಮನೇ ಅವನ್ನು ನನ್ನ ಮನೆಗೆ ತಂದು ಇಳಿಸಿದ.

ತಮ್ಮ ಮೂಡಲಗಿಯಲ್ಲಿ ಅಂಗಡಿ ಹಾಕಿಕೊಂಡಿದ್ದಾನೆ. 2008ರಲ್ಲಿ ಅವನ ಮಗ ಎರಡನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ಬಂದವನು, "ಅಕ್ಕಾ, ಅಪ್ಪನ ಚಂದಮಾಮ ಒಂದ ನಾಕ ಕೊಡು. ಹುಡುಗ ಈಗ ಕೂಡಿಸಿ ಓದಾಕತ್ಯಾನ" ಎಂದು ಕೇಳಿದ. ನಾನು ಏನು ಹೇಳಿದೆನೆಂಬುದು ಅಕ್ಷರ ಬಿಡದೆ ನೆನಪಿದೆ. "ಹುಡುಗೂರ ಕೈಯಾಗ ಕೊಟ್ರ ಹರದ ಹಾಕತಾವು. ಇಲ್ಲೇ ಇರಲಿ, ರಜಾದಾಗ ಬಂದ ಓದಲಿ ತಗೋ." ತಮ್ಮ ಚಹಾ ಕುಡಿದು ಹೋದ. ಹುಡುಗ ರಜೆಗೆ ಬಂದರೂ ಓದಲಿಲ್ಲ. ಕಪಾಟಿಗೆ ಕೀಲಿ ಇತ್ತು, ಕೀಲಿ ನನ್ನ ಸೆರಗಿನಲ್ಲಿತ್ತು. ಮಕ್ಕಳು ಕೇಳುವ ಧೈರ್ಯ ಮಾಡಲಿಲ್ಲ, ನಾನು ಕರೆದು ಕೊಡಲಿಲ್ಲ.

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದ್ದನ್ನು ನಮ್ಮ ಭಾಗದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಉಟ್ಟ ಬಟ್ಟೆಯ ಮೇಲೆ ನಾವು ಮೂಡಲಗಿಗೆ ಹೋಗಿ ತಮ್ಮನ ಮನೆಯಲ್ಲಿ ಹನ್ನೊಂದು ದಿನ ಇದ್ದೆವು. ನೀರು ಇಳಿದ ಮೇಲೆ ರಾಡಿ ತೆಗೆಯಲು ಸಲಿಕೆ ಹಿಡಿದು ಅವನೂ ಜೊತೆಗೆ ಬಂದ. ಅಪ್ಪನ ಸಂಪುಟಗಳು ಭಾರವೆಂದು ನಾನು ಕಪಾಟಿನ ಕೆಳಗಿನ ಎರಡು ಹಲಗೆಗಳಲ್ಲಿ ಇಟ್ಟಿದ್ದೆ. ನೀರು ಕುಡಿದು ಉಬ್ಬಿದ ಪುಸ್ತಕಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡು ಈಚೆಗೆ ಬರಲೊಲ್ಲವು. ತಮ್ಮ ಹಲಗೆಯನ್ನೇ ಮುರಿದು ತೆಗೆದ. ನಯಕಾಗದದ ಚಿತ್ರಪುಸ್ತಕಗಳು ಒಣಗುತ್ತಲೇ ಒಂದೊಂದು ಇಟ್ಟಿಗೆಯಾದವು, ಪುಟ ಬಿಡಿಸಲು ಆಗಲಿಲ್ಲ. ಒರಟು ಕಾಗದದ ಚಂದಮಾಮಗಳು ನಡುನಡುವೆ ಸುದ್ದಿಪತ್ರಿಕೆ ಇಟ್ಟು ನೆರಳಿನಲ್ಲಿ ಹರವಿದಾಗ ಅಷ್ಟಿಷ್ಟು ಬಿಡಿಸಿಕೊಂಡವು. ಹದಿನಾಲ್ಕರಲ್ಲಿ ಐದು ಉಳಿದವು. ಮಿಕ್ಕ ಒಂಬತ್ತು ಬೂಸಲು ಹಿಡಿದು ನಾದಿದ ಹಿಟ್ಟಿನಂತೆ ಕೈಗೆ ಬಂದವು.

"ಇರಲಿ ಬಿಡಕ್ಕಾ, ಐದರ ಉಳದಾವಲ್ಲ" ಎಂದ ತಮ್ಮ. ಹನ್ನೊಂದು ವರ್ಷದ ಹಿಂದೆ ಕೇಳಿದ್ದನ್ನು ಅವನು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಅಂದು ನಾಲ್ಕು ಕೊಟ್ಟಿದ್ದರೆ ಇಂದು ಆ ನಾಲ್ಕಾದರೂ ಮೂಡಲಗಿಯ ಮಾಡದಲ್ಲಿ ಬೆಚ್ಚಗೆ ಇರುತ್ತಿದ್ದವು. ಹುಡುಗ ಒಂದೆರಡು ಹಾಳೆ ಹರಿದಿದ್ದರೂ ಇರುತ್ತಿದ್ದವು.

ಇಷ್ಟಾದ ಮೇಲೂ ನಾನು ಕಲಿತ ಪಾಠವೆಂದರೆ ಪುಸ್ತಕಗಳನ್ನು ಇನ್ನೂ ಮೇಲಕ್ಕೆ ಇಡಬೇಕೆಂಬುದು! ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದೆ. ಅಪ್ಪನ ಐದನ್ನು ಮಾತ್ರ ಹೊಸ ಕಬ್ಬಿಣದ ಕಪಾಟಿನಲ್ಲಿ ಎದೆಮಟ್ಟಕ್ಕೆ ಇಟ್ಟು ಕೀಲಿ ಹಾಕಿದೆ. ಇದು ನನ್ನೊಬ್ಬಳ ಗುಣವಲ್ಲ, ನೌಕರಿಯ ಗುಣವೂ ಹೌದು. ಮೊದಲು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಗ್ರಂಥಾಲಯ ನನ್ನ ವಶದಲ್ಲಿತ್ತು. ಗ್ರಂಥಾಲಯವೆಂದರೆ ಒಂದು ಟ್ರಂಕು, ಒಂದು ಸ್ಟಾಕ್ ರಜಿಸ್ಟರು. ಪುಸ್ತಕ ಕಳೆದರೆ ಪಗಾರದಲ್ಲಿ ಕಡಿತವಾದೀತೆಂದು ಅಂಜಿ ಟ್ರಂಕು ತೆಗೆಯುತ್ತಲೇ ಇರಲಿಲ್ಲ. ವರ್ಗವಾಗಿ ಚಾರ್ಜು ಕೊಡುವ ದಿನ ತೆಗೆದರೆ ಲೆಕ್ಕ ಸರಿಯಾಗಿತ್ತು, ಒಂದೂ ಕಳೆದಿರಲಿಲ್ಲ. ಕೆಳಗಿನ ಇಪ್ಪತ್ತು ಪುಸ್ತಕ ಮಾತ್ರ ಗೆದ್ದಲು ತಿಂದಿತ್ತು. ಓದಿದ ಗುರುತು ಒಂದರಲ್ಲೂ ಇರಲಿಲ್ಲ. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದ ಎಸ್. ಆರ್. ರಂಗನಾಥನ್ ಅವರು, ಪುಸ್ತಕ ಇರುವುದೇ ಬಳಸುವುದಕ್ಕೆ ಎಂಬುದನ್ನು ಮೊದಲ ಸೂತ್ರ ಮಾಡಿದರು. ಹಿಂದೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳಿಗೆ ಸರಪಳಿ ಬಿಗಿಯುತ್ತಿದ್ದರಂತೆ. ಅದನ್ನು ಓದಿ ನಕ್ಕಿದ್ದೆ. ಟ್ರಂಕಿನ ಕೀಲಿಗೂ ಆ ಸರಪಳಿಗೂ ಏನು ಅಂತರವೆಂದು ಆಗ ಹೊಳೆದಿರಲಿಲ್ಲ.

ಇರಲಿ. ಪುಸ್ತಕ ಇಳಿಸಿ, ಕೆಳಗಿನ ಎರಡು ಹಲಗೆ ಕೂಸಿಗೆಂದು ಬಿಟ್ಟುಕೊಟ್ಟು, ಶಾಲೆಯ ಶಿಸ್ತಿನಲ್ಲಿ ಜೋಡಿಸಿದೆ. ಪ್ರಾಣಿಗಳದು ಒಂದು ಕಡೆ, ಹಣ್ಣುಗಳದು ಒಂದು ಕಡೆ, ಪದ್ಯಗಳದು ಒಂದು ಕಡೆ. ಬೆನ್ನು ಹೊರಗೆ, ಬೆನ್ನಿಗೆ ನಂಬರಿನ ಚೀಟಿ. ನೂರಾ ಇಪ್ಪತ್ತು ಪುಸ್ತಕ ಸಿಪಾಯಿಗಳಂತೆ ನಿಂತವು. ಮಗಳು ಕೂಸನ್ನು ಕರೆದುಕೊಂಡು ಬಂದಳು. ಕೂಸು ಹಲಗೆ ನೋಡಿತು, ನನ್ನ ಮುಖ ನೋಡಿತು, ಕುಳಿತು ಒಂದೊಂದಾಗಿ ಎಲ್ಲ ಎಳೆದು ಹಾಕಿತು. ಹತ್ತು ನಿಮಿಷದಲ್ಲಿ ಹಲಗೆ ಬರಿದಾಯಿತು. ಆಮೇಲೆ ಖಾಲಿ ಹಲಗೆಯೊಳಗೆ ತಾನೇ ಹೊಕ್ಕು ಕುಳಿತು ಚಪ್ಪಾಳೆ ತಟ್ಟಿತು. ನಮ್ಮ ಮನೆಯವರು, "ಇದಕ್ಕ ಯಾ ನಂಬರಿನ ಚೀಟಿ ಹಚ್ಚತೀ?" ಎಂದು ಕೇಳಿದರು.

ಎಲ್ಲರೂ ನಕ್ಕೆವು. ಮಗಳು ಮಾತ್ರ ಕಪಾಟಿನ ಕಡೆಗೆ ನೋಡುತ್ತಿದ್ದಳು. "ಅಜ್ಜನ ಪುಸ್ತಕಕ್ಕ ಇನ್ನೂ ಕೀಲಿ ಐತೇನ?" ಎಂದಳು.

"ಮತ್ತ? ಉಳದಿದ್ದ ಐದು."

"ನಾ ಸಣ್ಣಾಕಿ ಇದ್ದಾಗ ಅವುಗಳ ಬೆನ್ನ ಅಷ್ಟ ನೋಡೀನಿ ಅವ್ವಾ. ಒಳಗ ಏನೈತಿ ನನಗ ಇನ್ನೂ ಗೊತ್ತಿಲ್ಲ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದಳು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಊರಿನ ಮಕ್ಕಳಿಗೆ ಓದು ಕಲಿಸಿದ ನನ್ನ ಮಗಳು ಪರೀಕ್ಷೆಯ ಪುಸ್ತಕದ ಹೊರತು ಬೇರೊಂದನ್ನು ಕೈಯಲ್ಲಿ ಹಿಡಿದವಳಲ್ಲ. ಅವಳಿಗೆ ಆಸಕ್ತಿಯಿಲ್ಲ ಎಂದು ಜನರೆದುರು ಹೇಳುತ್ತ ಬಂದಿದ್ದೆ. ಬೆನ್ನು ತೋರಿಸಿದವಳು ನಾನು.

ಮರುದಿನದಿಂದ ಬೇರೆ ರೀತಿ ವಿಚಾರ ಮಾಡಿದೆ. ಅಕ್ಷರ ಬಾರದ ಕೂಸಿಗೆ ಪುಸ್ತಕದ ಬೆನ್ನು ಕಟ್ಟಿಕೊಂಡು ಏನಾಗಬೇಕು? ಅದಕ್ಕೆ ಬೇಕಾದದ್ದು ಪುಸ್ತಕದ ಮೋರೆ. ನಮ್ಮ ನಲಿ-ಕಲಿ ಕೋಣೆಗಳನ್ನು ನೋಡಿದವರಿಗೆ ಇದು ಗೊತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ಆ ಪದ್ಧತಿಯಲ್ಲಿ ಕಪ್ಪುಹಲಗೆ ಇರುವುದು ಮಕ್ಕಳ ಎತ್ತರಕ್ಕೆ, ಚಿತ್ರಗಳು ತೂಗುವುದು ಮಕ್ಕಳ ಕಣ್ಣಿಗೆ ಕಾಣುವಂತೆ. ಎಷ್ಟೋ ವರ್ಷ ಆ ಕೋಣೆಯಲ್ಲಿ ನಿಂತು ಕಲಿಸಿದ ನನಗೆ ಮನೆಗೆ ಬಂದೊಡನೆ ಅದು ಮರೆತೇ ಹೋಗಿತ್ತು.

ಹಳೆಯ ಇಳಕಲ್ ಸೀರೆಯೊಂದನ್ನು ಕತ್ತರಿಸಿ, ಗಟ್ಟಿ ಬಟ್ಟೆಯ ಮೇಲೆ ಮೂರು ಸಾಲಿನಲ್ಲಿ ಹನ್ನೆರಡು ಜೇಬು ಹೊಲಿದೆ. ಗೋಡೆಗೆ ಕೂಸಿನ ಎದೆಮಟ್ಟಕ್ಕೆ ಬಡಿಸಿದೆ. ಒಂದು ಜೇಬಿಗೆ ಒಂದೇ ಪುಸ್ತಕ, ಮೋರೆ ಹೊರಗೆ. ಚೀಟಿಯ ಬದಲು ಸಾಲಿಗೊಂದು ಗುರುತು ಬೇಕಾಗಿತ್ತು. ಗೋಕಾಕದಲ್ಲಿದ್ದು ಅದಕ್ಕೆ ಚಿಂತೆಯೇ? ಕರದಂಟಿನಷ್ಟೇ ಹೆಸರಾದ ನಮ್ಮೂರ ಕಟ್ಟಿಗೆಯ ಹಣ್ಣು, ಬಣ್ಣದ ಗೊಂಬೆ ಮನೆಯಲ್ಲೇ ಇದ್ದವು. ಹಣ್ಣಿನ ಪುಸ್ತಕಗಳ ಸಾಲಿಗೆ ಕಟ್ಟಿಗೆಯ ಮಾವಿನಹಣ್ಣು, ಪ್ರಾಣಿಗಳ ಸಾಲಿಗೆ ಎತ್ತು, ಮನೆಮಂದಿಯ ಕಥೆಗಳ ಸಾಲಿಗೆ ಹೆಣ್ಣುಗೊಂಬೆ. ಬಣ್ಣ ಎದ್ದರೆ ಕೂಸು ಬಾಯಿಗೆ ಹಾಕೀತೆಂದು ಅವನ್ನು ಕೈಗೆ ನಿಲುಕದಂತೆ ಮೇಲೆ ಕಟ್ಟಿದೆ. ನಾಲ್ಕನೆಯ ದಿನಕ್ಕೆ ಕೂಸು ಮಾವಿನಹಣ್ಣಿಗೆ ಬೆರಳು ತೋರಿಸಿ ಅದರ ಕೆಳಗಿನ ಪುಸ್ತಕ ತಂದು ನನ್ನ ತೊಡೆಯ ಮೇಲೆ ಕುಳಿತಿತು.

ಹನ್ನೆರಡೇ ಏಕೆಂದು ನೆರೆಮನೆಯವರು ಕೇಳಿದರು. ಆರುನೂರು ಇಟ್ಟುಕೊಂಡು ಹನ್ನೆರಡು ಕೊಡುವುದು ಜಿಪುಣತನವಲ್ಲವೇ? ಅಲ್ಲ. ಹಬ್ಬದೂಟದಲ್ಲಿ ಎಲೆ ತುಂಬ ಬಡಿಸಿದರೆ ಕೂಸು ಏನನ್ನೂ ತಿನ್ನುವುದಿಲ್ಲ, ಎಲ್ಲ ಕಲಸುತ್ತದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸಣ್ಣ ಮಕ್ಕಳ ಮುಂದೆ ಒಮ್ಮೆ ನಾಲ್ಕು ಆಟಿಗೆ, ಒಮ್ಮೆ ಹದಿನಾರು ಆಟಿಗೆ ಇಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರಂತೆ. ಪುಸ್ತಕದಲ್ಲಿಯೂ ನಾನು ಕಂಡದ್ದು ಅದೇ. ಪ್ರತಿ ಸೋಮವಾರ ಹನ್ನೆರಡರಲ್ಲಿ ನಾಲ್ಕು ಬದಲಿಸುತ್ತೇನೆ. ಕೂಸು ಬಿಡಲೊಲ್ಲದ್ದನ್ನು ತೆಗೆಯುವುದಿಲ್ಲ. ಬೆಕ್ಕಿನ ಪುಸ್ತಕವೊಂದು ಆರು ವಾರದಿಂದ ಜಾಗ ಬಿಟ್ಟಿಲ್ಲ.

ಉಳಿದ ರಾಶಿಯನ್ನು ವಿಷಯ ನೋಡಿ ವಿಂಗಡಿಸುವುದು ಬಿಟ್ಟು ಕೈ ನೋಡಿ ವಿಂಗಡಿಸಿದೆ. ಕೂಸು ತಾನೇ ಹಿಡಿಯಬಲ್ಲ ದಪ್ಪ ರಟ್ಟಿನವು ಒಂದು ಪೆಟ್ಟಿಗೆ. ನಾವು ಕುಳಿತು ತೋರಿಸಬೇಕಾದ ತೆಳು ಹಾಳೆಯವು ಒಂದು ಪೆಟ್ಟಿಗೆ. ಪುಸ್ತಕ ಮುಚ್ಚಿಟ್ಟು ಬಾಯಿಂದ ಹೇಳಬೇಕಾದವು ಒಂದು. ರಾಜರತ್ನಂ ಅವರ ಪದ್ಯಗಳೆಲ್ಲ ಇದರಲ್ಲಿ. ಐದಾರು ವರ್ಷ ಕಾಯಬೇಕಾದವು ಒಂದು. ಭಾರತ-ಭಾರತಿಯವು ಇಲ್ಲಿಗೆ ಸೇರಿದವು. ಎರಡೆರಡು ಪ್ರತಿ ಇದ್ದವನ್ನೂ ನಮಗೆ ಬೇಡವಾದವನ್ನೂ ಕೂಡಿಸಿ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಟ್ಟೆವು. 2020ರಲ್ಲಿ 'ಓದುವ ಬೆಳಕು' ಬಂದಾಗಿನಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ.

ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಪುಸ್ತಕದ ನಡುವೆ ಹಾಕಿದ್ದ ಡಾಂಬರ ಗುಳಿಗೆಗಳನ್ನು ಮೊದಲು ಹುಡುಕಿ ತೆಗೆದೆ. ಪೆಪ್ಪರಮಿಂಟಿನಂತೆ ಕಾಣುವ ಅದನ್ನು ಮಕ್ಕಳು ನುಂಗಿದರೆ ರಕ್ತಕ್ಕೇ ಅಪಾಯ. ಅದರ ಬದಲು ಒಣಗಿದ ಬೇವಿನ ಎಲೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟೆ. ಹರಿದದ್ದಕ್ಕೆ ಸೆಲೊ ಟೇಪು ಹಚ್ಚಬಾರದು. ಕೆಲ ವರ್ಷದಲ್ಲಿ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಅಪ್ಪ ಮೈದಾ ಹಿಟ್ಟಿನ ಖಳಿ ಕಾಸುತ್ತಿದ್ದರು. ಹುಳ ಹತ್ತದಿರಲೆಂದು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಎಲ್ಲವನ್ನೂ ನೆಕ್ಕುವ ಕೂಸಿನ ಮನೆಯಲ್ಲಿ ಆ ವಿಷ ಬೇಡ. ಬರಿಯ ಖಳಿ, ಮೇಲೊಂದು ತೆಳು ಕಾಗದದ ಪಟ್ಟಿ, ಇಷ್ಟು ಸಾಕು.

ಈ ಖಳಿಯನ್ನು ನಾನು ಯಾವಾಗ ಕಾಸಿದೆ ಎಂಬುದನ್ನೂ ಹೇಳಬೇಕು. ಒಂದು ಮಧ್ಯಾಹ್ನ ಕಬ್ಬಿಣದ ಕಪಾಟನ್ನು ತೆಗೆದು ಒರೆಸುತ್ತಿದ್ದೆ. ಯಾರೋ ಬಾಗಿಲಿಗೆ ಬಂದರೆಂದು ಹೋಗಿ ತಿರುಗಿ ಬರುವಷ್ಟರಲ್ಲಿ, ನಾನು ಕೆಳಗಿಟ್ಟಿದ್ದ 1978ರ ಸಂಪುಟದ ಮುಂದೆ ಕೂಸು ಕುಳಿತಿತ್ತು. ಬೇತಾಳವನ್ನು ಹೆಗಲ ಮೇಲೆ ಹೊತ್ತ ವಿಕ್ರಮನ ಚಿತ್ರವಿದ್ದ ಹಾಳೆಯ ಅರ್ಧ ಅದರ ಕೈಯಲ್ಲಿತ್ತು. ನಾನು ಒದರಿದೆ. ಮೂವತ್ತು ವರ್ಷದ ತರಗತಿಯ ಧ್ವನಿ ಅದು. ಕೂಸು ಅಳಲಿಲ್ಲ. ಹರಿದ ಹಾಳೆಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡು ನನ್ನನ್ನು ನೋಡಿತು.

ಅದಾದ ಮೇಲೆ ಎರಡು ದಿನ ಅದು ಸೀರೆಯ ಜೇಬುಗಳ ಕಡೆಗೆ ಹೋಗಲಿಲ್ಲ. ನಾನು ಬೆಕ್ಕಿನ ಪುಸ್ತಕ ತೆಗೆದು ತೋರಿಸಿದರೆ ಅಜ್ಜನ ಹತ್ತಿರ ಓಡಿತು. ಹರಿದದ್ದು ಒಂದು ಹಾಳೆ. ನಾನು ಕೂಗಿ ಮುಚ್ಚಿಸಿದ್ದು ಹನ್ನೆರಡು ಪುಸ್ತಕ. ಮಗಳಿಗೂ ಹೀಗೆ ಯಾವಾಗಲೋ ಒಮ್ಮೆ ಒದರಿರಬೇಕು. ನನಗೆ ನೆನಪಿಲ್ಲ, ಅವಳಿಗೆ ಇರಬಹುದು.

ಮೂರನೆಯ ದಿನ ಖಳಿ ಕಾಸಿ, ಆರಿಸಿ, ಸಂಪುಟ ಹರವಿಕೊಂಡು ನೆಲದ ಮೇಲೆ ಕುಳಿತೆ. ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ "ಆಯಿ" ಎಂದು ಮೊಣಕಾಲಿನ ಹತ್ತಿರ ಬಂದು ನಿಂತಿತು. ಅದರ ಬೆರಳು ಹಿಡಿದು ಖಳಿಯಲ್ಲಿ ಅದ್ದಿ ಪಟ್ಟಿಯ ಮೇಲೆ ಸವರಿಸಿದೆ. ವಿಕ್ರಮ ಸ್ವಲ್ಪ ಸೊಟ್ಟಗೆ ಕೂಡಿಕೊಂಡ. ಅವನ ಕಾಲ ಹತ್ತಿರ ಕೂಸಿನ ಒಂದು ಬೆರಳ ಗುರುತು ಉಳಿದಿದೆ. ಅಂದು ರಾತ್ರಿ ಕಪಾಟಿಗೆ ಕೀಲಿ ಹಾಕಲಿಲ್ಲ.

ಆ ಭಾನುವಾರ ತಮ್ಮನಿಗೆ ಫೋನು ಮಾಡಿ, "ಬಾ, ಅಪ್ಪನ ಚಂದಮಾಮ ಒಯ್ಯುವಂತಿ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಅವನ ಮಗ ಈಗ ದೊಡ್ಡವನಾಗಿ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಚಂದಮಾಮ ಓದುವ ವಯಸ್ಸು ನನ್ನ ಕೀಲಿಯ ಹೊರಗೇ ಕಳೆದುಹೋಯಿತು. ಆ ಮಾತನ್ನು ನಾನೇ ಎತ್ತಿ, "ಆವಾಗ ಕೊಡಬೇಕಾಗಿತ್ತೋ ತಮ್ಮಾ" ಎಂದೆ.

ಬಂದವನು ಚಹಾ ಕುಡಿಯುವುದಕ್ಕೂ ಮೊದಲು 1981ರ ಸಂಪುಟ ತೆಗೆದುಕೊಂಡು ಹೊಸ್ತಿಲ ಮೇಲೆ ಕುಳಿತ. ಅರ್ಧ ತಾಸು ಎದ್ದೇಳಲಿಲ್ಲ. ಆಮೇಲೆ ತಲೆ ಎತ್ತಿ, "ಹುಡುಗನ ಹೆಸರ ಹೇಳಿ ಕೇಳಿದ್ದೆ ಅಕ್ಕಾ. ಖರೇ ಅಂದ್ರ ನನಗ ಬೇಕಾಗಿತ್ತು" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಈಗ ನಮ್ಮಲ್ಲಿ ಒಂದು ಹೊಸ ರಜಿಸ್ಟರು ಇದೆ. ಅದರಲ್ಲಿ ಪುಸ್ತಕದ ಬೆಲೆ ಬರೆಯಲು ಅಂಕಣವಿಲ್ಲ. ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂಬುದಷ್ಟೇ ಇದೆ. ಎರಡು ಸಂಪುಟ ಮೂಡಲಗಿಗೆ ಹೋದವು. ಒಂದನ್ನು ಮಗಳು ತನ್ನ ಬ್ಯಾಗಿನಲ್ಲಿ ಹಾಕಿಕೊಂಡು ಹುಕ್ಕೇರಿಗೆ ಒಯ್ದಳು. "ಕೂಸಿಗೆ ಇನ್ನೂ ತಿಳಿಯೂದಿಲ್ಲವ್ವಾ" ಎಂದೆ. "ಕೂಸಿಗಲ್ಲ" ಎಂದಳು. ಜೊತೆಗೆ ಸೀರೆಯ ಜೇಬಿನ ಇನ್ನೊಂದು ಪಟ್ಟಿ ಹೊಲಿದು ಕೊಟ್ಟಿದ್ದೇನೆ. ತಿಂಗಳಿಗೊಮ್ಮೆ ಹನ್ನೆರಡು ಪುಸ್ತಕ ಅಲ್ಲಿಗೆ ಹೋಗುತ್ತವೆ, ಹನ್ನೆರಡು ಮರಳಿ ಬರುತ್ತವೆ. ಬಂದವುಗಳಲ್ಲಿ ಒಂದೆರಡರ ಮೂಲೆ ಕಡಿದಿರುತ್ತದೆ. ಖಳಿ ಕಾಸುತ್ತೇನೆ.

ಮೊನ್ನೆ ಮಳೆ ಹಿಡಿದಾಗ ನಮ್ಮ ಮನೆಯವರು ಕೆಳಗಿನ ಹಲಗೆಯನ್ನು ನೋಡುತ್ತ ಮತ್ತೆ ಅದೇ ಪ್ರಶ್ನೆ ಕೇಳಿದರು, "ಹೊಳಿ ಬಂದ್ರ?" ಈ ಸಲ ನನ್ನಲ್ಲಿ ಉತ್ತರವಿತ್ತು. "ಗೋಕಾಕದ ಮನಿಗೆ ಬಂದೀತು. ಮೂರೂ ಮನಿಗೆ ಒಮ್ಮೆ ಬರಾಕ ಅದಕ್ಕೂ ಆಗೂದಿಲ್ಲ" ಎಂದೆ.